ಪೋಸ್ಟರ್‌ನಲ್ಲಿರೋ ಮಗೂಗೂ ಓದೋಕೆ ಬರುತ್ತೆ

1/6

ಈ ಸಲದ ಫೋಟೋದಲ್ಲಿ ಯಾರೂ ಇಲ್ಲ. ದ್ವಾರಸಮುದ್ರ ಕೆರೆ, ಏರಿ, ಮೇಲೊಂದಿಷ್ಟು ಮೋಡ. ಬರೀತಿರೋದು ಮಕ್ಕಳ ದೊಡ್ಡ ಕಾಯಿಲೆ ಬಗ್ಗೆ, ಆದ್ರೂ ಮಗುವಿನ ಫೋಟೋ ಬೇಕಂತಲೇ ಹಾಕಿಲ್ಲ. ಯಾಕೆ ಅನ್ನೋದೇ ಇವತ್ತಿನ ವಿಷಯ. ಉದ್ದ ಇದೆ, ಆರು ಪೋಸ್ಟ್. ಎಂದಿನ ಹಾಗೆ ಬೈಕೊಂಡಾದ್ರೂ ಓದಿ.

ಆ ಪೋಸ್ಟರ್ ನಿಮಗೆಲ್ಲ ಗೊತ್ತು. ಕೂದಲು ಉದುರಿದ ಮಗು, ಮೂಗಲ್ಲಿ ಪೈಪು, ಕೆಳಗೆ ಕೆಂಪಕ್ಷರದಲ್ಲಿ "ಈ ಕಂದನನ್ನು ಉಳಿಸಿ", "ಬ್ಲಡ್ ಕ್ಯಾನ್ಸರ್", "ಇನ್ನು ಕೆಲವೇ ದಿನ", ಪಕ್ಕದಲ್ಲಿ ಕ್ಯೂಆರ್ ಕೋಡ್. ಬೆಳಿಗ್ಗೆ ಬೇಲೂರಿನ ಯಾವುದೋ ಗ್ರೂಪಲ್ಲಿ ಬಂದಿದ್ದು ಮಧ್ಯಾಹ್ನಕ್ಕೆ ಜಾವಗಲ್, ಅರಸೀಕೆರೆ ಸುತ್ತಿ ಸಂಜೆ ನಮ್ಮೆಲ್ಲರ ಸ್ಟೋರಿಯಲ್ಲಿ. ಕೈ ಮುಗಿಯೋ ಎಮೋಜಿ ಮೂರು, ಅಳೋದು ಒಂದು.

ದುಡ್ಡು ಸೇರುತ್ತೆ, ಸುಳ್ಳಲ್ಲ. ಹಾಗೆ ಸೇರಿದ ದುಡ್ಡಲ್ಲಿ ಔಷಧಿ ತಂದಿರೋ ಮನೆಗಳೂ ಇವೆ. ನನ್ನ ತಕರಾರು ಅದರ ಮೇಲಲ್ಲ. ಅಂಥ ಎಷ್ಟೋ ಮನೆಗಳಲ್ಲಿ ಮಗೂಗೆ ಹೇಳಿರೋದೇ ಬೇರೆ: "ರಕ್ತ ಕಡಿಮೆ ಆಗಿದೆ ಪುಟ್ಟ, ಎರಡು ಬಾಟ್ಲಿ ಹಾಕಿದ್ರೆ ಸರಿ ಹೋಗುತ್ತೆ." ಮೂರನೇ ಕ್ಲಾಸಿನ ಮಗೂಗೆ ಓದೋಕೆ ಬರುತ್ತೆ ಕಣ್ರೋ. ಆಸ್ಪತ್ರೆ ಬೆಡ್ ಮೇಲೆ ಇಡೀ ದಿನ ಅಮ್ಮನ ಫೋನ್ ಅದರ ಕೈಯಲ್ಲೇ ಇರುತ್ತೆ. ಮನೆಯವರು ಮಗುವಿಂದ ಮುಚ್ಚಿಟ್ಟಿದ್ದನ್ನ ನಾವು ಮೂರು ತಾಲ್ಲೂಕಿಗೆ ಸಾರಿ, ತಿರುಗಿ ಅದೇ ಫೋನಿಗೆ ತಲುಪಿಸ್ತಿದ್ದೀವಿ.

2/6

ಮಾನವಶಾಸ್ತ್ರ ಅಂದ್ರೆ ಹಾಡಿಗೋ ದ್ವೀಪಕ್ಕೋ ಹೋಗಿ ನೋಟ್ಸ್ ಬರೆಯೋದು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಹೋಗಿ ಕೂತಿದ್ದು ಆಸ್ಪತ್ರೆಯ ಮಕ್ಕಳ ವಾರ್ಡಲ್ಲಿ, ಲ್ಯುಕೇಮಿಯಾ ಬಂದ 3ರಿಂದ 9 ವರ್ಷದ ಮಕ್ಕಳ ಜೊತೆ. ನಾವು ಬ್ಲಡ್ ಕ್ಯಾನ್ಸರ್ ಅಂತೀವಲ್ಲ, ಅದೇ. ಆಗ ಅದಕ್ಕೆ ಈಗಿನಷ್ಟು ಒಳ್ಳೆ ಚಿಕಿತ್ಸೆ ಇರಲಿಲ್ಲ, ಹೆಚ್ಚಿನ ಮಕ್ಕಳು ಉಳೀತಿರಲಿಲ್ಲ. 1978ರಲ್ಲಿ ಅವರ ಪುಸ್ತಕ ಬಂತು, 'ದಿ ಪ್ರೈವೇಟ್ ವರ್ಲ್ಡ್ಸ್ ಆಫ್ ಡೈಯಿಂಗ್ ಚಿಲ್ಡ್ರನ್'. ಅದರ ಒಂದು ಭಾಗವನ್ನ ನಾಟಕದ ರೂಪದಲ್ಲೇ ಬರೆದಿದ್ದಾರೆ. ಪ್ರಬಂಧಕ್ಕಿಂತ ಅದೇ ಹೆಚ್ಚು ಹೊತ್ತು ತಲೆಯಲ್ಲಿ ಉಳಿಯುತ್ತೆ.

ಅವರು ಕಂಡಿದ್ದು ಇಷ್ಟು. ಆ ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ. ಆದ್ರೂ ಮಕ್ಕಳಿಗೆ ಗೊತ್ತಿತ್ತು.

ಗೊತ್ತಾಗೋದು ಒಂದೇ ಸಲ ಅಲ್ಲ. ಮೊದಲು, ಇದು ಸಾಮಾನ್ಯ ಜ್ವರ ಅಲ್ಲ ಅನ್ನೋದು. ಆಮೇಲೆ ಔಷಧಿಗಳ ಹೆಸರು, ಯಾವುದು ಹಾಕಿದ್ರೆ ವಾಂತಿ, ಯಾವುದಕ್ಕೆ ಕೂದಲು ಹೋಗುತ್ತೆ. ಆಮೇಲೆ ಯಾವ ಸೂಜಿ ಯಾತಕ್ಕೆ. ಆಮೇಲೆ, ವಾಸಿ ಆಗುತ್ತೆ, ತಿರುಗಿ ಬರುತ್ತೆ, ಮತ್ತೆ ವಾಸಿ ಆಗುತ್ತೆ ಅನ್ನೋದು. ಕಡೇದು, ಔಷಧಿಗೂ ಒಂದು ಮಿತಿ ಇದೆ, ಆಮೇಲೆ ಸಾವು ಅನ್ನೋದು. ಆ ಕಡೇ ಮೆಟ್ಟಿಲು ಹತ್ತಿಸೋದು ಡಾಕ್ಟರಲ್ಲ, ಅಪ್ಪ ಅಮ್ಮನೂ ಅಲ್ಲ. ತನ್ನ ಹಾಗೇ ಕಾಯಿಲೆ ಇದ್ದ ಇನ್ನೊಂದು ಮಗು ಹೋಯ್ತು ಅನ್ನೋ ಸುದ್ದಿ. ವಯಸ್ಸಿಗೂ ಇದಕ್ಕೂ ಸಂಬಂಧ ಕಡಿಮೆ. ಬಹಳ ದಿನದಿಂದ ವಾರ್ಡಲ್ಲಿರೋ ನಾಲ್ಕು ವರ್ಷದ ಮಗೂಗೆ, ಈಗ ತಾನೇ ಸೇರಿದ ಒಂಬತ್ತು ವರ್ಷದ ಚೂಟಿ ಹುಡುಗನಿಗಿಂತ ಜಾಸ್ತಿ ಗೊತ್ತಿರಬಹುದು.

ಆ ವಾರ್ಡಿನ ಮಕ್ಕಳಿಗೆ ಅತಿ ಇಷ್ಟವಾದ ಪುಸ್ತಕ 'ಶಾರ್ಲೆಟ್ಸ್ ವೆಬ್' ಅಂತೆ. ಒಂದು ಹಂದಿಮರಿ, ಅದರ ಗೆಳತಿಯಾದ ಒಂದು ಜೇಡ. ಕೊನೆಗೆ ಜೇಡ ಸಾಯುತ್ತೆ. ಕಡೇ ಮೆಟ್ಟಿಲಿಗೆ ಬಂದ ಮಕ್ಕಳು ಅದರ ಅಧ್ಯಾಯಗಳನ್ನೇ ಓದಿ ಹೇಳಿ ಅಂತ ಕೇಳ್ತಿದ್ರಂತೆ. ದೊಡ್ಡವರು ಆಡದೇ ಇದ್ದ ಮಾತು ಪುಸ್ತಕದಲ್ಲಿ ಸಿಕ್ಕಿತ್ತು.

3/6

ಗೊತ್ತಿದ್ರೆ ಮಕ್ಕಳು ಯಾಕೆ ಕೇಳಲ್ಲ?

ಇಲ್ಲೇ ನಂಗೆ ಹೊಟ್ಟೆ ಹಿಂಡಿದ್ದು. ಅಪ್ಪ ಅಮ್ಮನಿಗೆ ಗೊತ್ತು, ಮಗೂಗೂ ಗೊತ್ತು, ಗೊತ್ತಿಲ್ಲದವರ ಹಾಗೆ ಎಲ್ಲರೂ ನಟಿಸ್ತಾರೆ. ಇದಕ್ಕೆ ಗ್ಲೇಸರ್ ಮತ್ತು ಸ್ಟ್ರಾಸ್ ಅನ್ನೋ ಸಮಾಜಶಾಸ್ತ್ರಜ್ಞರು 1965ರಲ್ಲೇ ಒಂದು ಹೆಸರು ಕೊಟ್ಟಿದ್ರು, ಕನ್ನಡದಲ್ಲಿ ಪರಸ್ಪರ ನಟನೆ ಅನ್ನಬಹುದು. ಅದಕ್ಕೆ ನಿಯಮಗಳೂ ಇವೆ. ಮುಂದಿನ ವರ್ಷದ ಮಾತು ತೆಗೀಬಾರದು. ಹೋದ ಮಗುವಿನ ಹೆಸರು ಎತ್ತಬಾರದು. ಯಾರಿಗಾದ್ರೂ ಅಳು ಬಂದ್ರೆ ಎದ್ದು ಹೊರಗೆ ಹೋಗಬೇಕು. ಮಗು ಈ ನಿಯಮ ಪಾಲಿಸೋದು ತನಗೋಸ್ಕರ ಅಲ್ಲ. ಸತ್ಯ ಬಾಯಿಗೆ ಬಂದ ಕೂಡಲೇ ದೊಡ್ಡವರು ಎದ್ದು ಹೋಗ್ತಾರೆ ಅನ್ನೋದನ್ನ ಅದು ನೋಡಿರುತ್ತೆ. ಅಮ್ಮ ಪಕ್ಕದಲ್ಲಿ ಕೂತಿರಲಿ ಅಂತ ಸುಮ್ಮನಿರುತ್ತೆ.

ಇದು ಅಮೆರಿಕದ ಕಥೆ, ನಮ್ಮ ಕಡೆ ಹೀಗಿಲ್ಲ ಅಂತೀರಾ? ನಮ್ಮ ಕಡೆ ಆ ಪದವನ್ನೇ ಬಾಯಲ್ಲಿ ಹೇಳಲ್ಲ. "ದೊಡ್ಡ ಕಾಯಿಲೆ" ಅಂತೀವಿ, "ಅದೇ, ಬೆಂಗಳೂರಿಗೆ ಕರ್ಕೊಂಡೋಗೋ ಕಾಯಿಲೆ" ಅಂತೀವಿ. "ಮಗು ಮುಂದೆ ಬೇಡ ಸಾರ್" ಅಂತ ಡಾಕ್ಟರನ್ನ ಬಾಗಿಲಾಚೆ ಕರೀತೀವಿ. ಹರಕೆ ಹೊರ್ತೀವಿ, ತಾಯತ ಕಟ್ಟಿಸ್ತೀವಿ, ಜಾವಗಲ್ ದರ್ಗಾಕ್ಕೂ ಹೋಗಿ ಬರ್ತೀವಿ. ಅದನ್ನೆಲ್ಲ ನಾನು ಆಡಿಕೊಳ್ಳಲ್ಲ, ಕೈಲಾಗದಾಗ ಕೈ ಎಲ್ಲೋ ಒಂದು ಕಡೆ ಚಾಚಲೇಬೇಕು. ಆದ್ರೆ ಇಷ್ಟೆಲ್ಲ ಯಾರಿಗೋಸ್ಕರ ನಡೀತಿದೆಯೋ ಆ ಮಗೂನ ಒಂದು ಮಾತು ಕೇಳೋರಿಲ್ಲ. ವಾರ ಕಳೆಯೋದ್ರೊಳಗೆ ಅದು "ಇವತ್ತು ನನ್ನ ಕೌಂಟ್ ಎಷ್ಟು?" ಅಂತ ನರ್ಸನ್ನೇ ಕೇಳೋಕೆ ಶುರು ಮಾಡಿರುತ್ತೆ.

4/6

ಇನ್ನೊಬ್ಬರಿದ್ದಾರೆ, ಯಾವ ಪೋಸ್ಟರಲ್ಲೂ ಬರಲ್ಲ. ಮನೇಲಿ ಉಳಿದ ಅಕ್ಕ, ಇಲ್ಲಾಂದ್ರೆ ತಮ್ಮ.

ಕಿದ್ವಾಯಿ ಆಸ್ಪತ್ರೆ ಶುರುವಾಗಿದ್ದು 1973ರಲ್ಲಿ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ರಾಜ್ಯದ ಮೂಲೆ ಮೂಲೆಯಿಂದ ಜನ ಅಲ್ಲಿಗೇ ಹೋಗೋದು. ನಮ್ಮೂರಿಂದ ಅಂದ್ರೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ 200 ಕಿಲೋಮೀಟರ್ ಮೇಲೆ. ಮಕ್ಕಳಲ್ಲಿ ಹೆಚ್ಚು ಕಾಣೋ ಬ್ಲಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ಕೆಲವು ತಿಂಗಳು ತುಂಬಾ ಕಷ್ಟದ್ದು, ಊರಿಗೆ ಬಂದು ಹೋಗಿ ಮಾಡೋಕಾಗಲ್ಲ. ಅಮ್ಮ ಮಗು ಅಲ್ಲೇ ಉಳೀತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮನಿಗೆ ಬಸ್ ಚಾರ್ಜಿಲ್ಲ, ಅಪ್ಪನಿಗೆ ಇದೆ. ಜೊತೆಗೆ ಜೋಳದ ಕೆಲಸ, ಶುಂಠಿ ಕೆಲಸ, ಕೂಲಿ. ಅಪ್ಪ ಇಲ್ಲೇ ಉಳೀತಾರೆ. ಅಕ್ಕ ಅಜ್ಜಿ ಮನೆಗೆ.

ಮೈರಾ ಅವರ ಇನ್ನೊಂದು ಪುಸ್ತಕ 1996ರದ್ದು, 'ಇನ್ ದಿ ಶ್ಯಾಡೋ ಆಫ್ ಇಲ್ನೆಸ್'. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಶ್ವಾಸಕೋಶದ, ಹುಟ್ಟಿನಿಂದಲೇ ಬರೋ ಕಾಯಿಲೆ ಇದ್ದ ಮಕ್ಕಳ ಮನೆಗಳ ಬಗ್ಗೆ. ಆ ಮನೆಗಳು ಹೇಗೆ ಬದುಕಿದ್ವು ಅಂದ್ರೆ, ಔಷಧಿ ಕೊಡೋದನ್ನ ಹಲ್ಲುಜ್ಜೋ ಹಾಗೆ ದಿನಚರಿ ಮಾಡ್ಕೊಂಡು, "ನಮ್ಮ ಮನೆ ಮಾಮೂಲು ಅಂದ್ರೆ ಇದೇ" ಅಂತ ಮಾಮೂಲಿನ ಅರ್ಥವನ್ನೇ ಬದಲಾಯಿಸ್ಕೊಂಡು, ದೂರದ ಭವಿಷ್ಯದ ಮಾತನ್ನ ಪಕ್ಕಕ್ಕಿಟ್ಟು. ಆರೋಗ್ಯವಾಗಿರೋ ಅಣ್ಣ ತಂಗಿಯರಿಗೂ ಕಾಯಿಲೆ ಏನು ಅನ್ನೋದು ಮೆಟ್ಟಿಲು ಮೆಟ್ಟಿಲಾಗೇ ಗೊತ್ತಾಗೋದು, ರೋಗಿ ಮಗೂಗೆ ಆದ ಹಾಗೇ.

ಈಗ ಆ ಅಕ್ಕನ್ನ ನೆನೆಸ್ಕೊಳ್ಳಿ. ಅವಳು ನಮ್ಮ ಕ್ಲಾಸಲ್ಲೇ ಇರಬಹುದು. ಅಮ್ಮನ ಮುಖ ವಿಡಿಯೋ ಕಾಲ್‌ನಲ್ಲಿ ಮಾತ್ರ. ಪರೀಕ್ಷೆಯಲ್ಲಿ ಕಡಿಮೆ ಬಂದ್ರೆ ಬೈಯೋರೂ ಇಲ್ಲ, ಜಾಸ್ತಿ ಬಂದ್ರೆ ಹೊಗಳೋರೂ ಇಲ್ಲ. ತನಗೆ ಹೊಟ್ಟೆನೋವು ಅಂತ ಹೇಳೋಕೂ ನಾಚಿಕೆ. ಎಲ್ಲರೂ ಅವಳನ್ನ ಕೇಳೋದು ಒಂದೇ, "ತಮ್ಮ ಹೇಗಿದಾನೆ?" ನೀನು ಹೇಗಿದೀಯ ಅಂತ ಕೇಳಿ ಒಂದ್ಸಲ. ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕಾಯಿಲೆ ಬಿಟ್ಟು ಬೇರೆ ಎಲ್ಲದರ ಬಗ್ಗೆ ಹರಟೆ ಹೊಡೀರಿ.

5/6

ಮನೇಲಿ ಇದನ್ನ ಓದಿ ಹೇಳಿದ್ರೆ ದೊಡ್ಡವರು ಏನಂತಾರೆ ಗೊತ್ತು. "ಮಗು ಮನಸ್ಸಿಗೆ ಹಚ್ಕೊಂಡ್ರೆ? ಇರೋ ಧೈರ್ಯನೂ ಹೋದ್ರೆ? ಅಷ್ಟು ಕಲ್ಲು ಮನಸ್ಸು ಯಾವ ತಾಯಿಗಿದೆ?" ಇದು ಪ್ರೀತಿಯ ಮಾತು, ಮೂಢತನ ಅಲ್ಲ. ಮೈರಾ ಕೂಡ ಆ ಅಪ್ಪ ಅಮ್ಮಂದಿರನ್ನ ತಪ್ಪಿತಸ್ಥರು ಅನ್ನಲಿಲ್ಲ. ನಟನೆ ಇದ್ರೆ ಅಮ್ಮ ಅಮ್ಮನಾಗೇ ಇರಬಹುದು, ಮಗು ಮಗುವಾಗೇ ಇರಬಹುದು, ಅದಕ್ಕೇ ಅದು ಉಳಿಯುತ್ತೆ ಅಂದ್ರು. ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿಬಿಡಿ ಅಂತಾನೂ ಅವರು ಹೇಳಲಿಲ್ಲ. ಮಗು ಏನು ಕೇಳುತ್ತೋ ಅಷ್ಟು, ಅದು ಕೇಳೋ ರೀತಿಯಲ್ಲೇ.

ಆದ್ರೂ ಆ ಹೆದರಿಕೆಗೆ ಒಂದು ಲೆಕ್ಕ ಇದೆ. ಸ್ವೀಡನ್‌ನಲ್ಲಿ ಉಲ್ರಿಕಾ ಕ್ರೈಕ್‌ಬರ್ಗ್ಸ್ ಮತ್ತು ಜೊತೆಗಾರರು, ಕ್ಯಾನ್ಸರ್‌ನಿಂದ ಮಗು ಕಳ್ಕೊಂಡ ತಂದೆ ತಾಯಂದಿರನ್ನ ಕೇಳಿ 2004ರಲ್ಲಿ ಪ್ರಕಟಿಸಿದ್ರು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದವರು 147 ಜನ. ಅವರಲ್ಲಿ ಯಾಕಾದ್ರೂ ಮಾತಾಡಿದ್ನೋ ಅಂದವರು ಒಬ್ಬರೂ ಇಲ್ಲ. ಮಾತಾಡದೇ ಇದ್ದ 258 ಜನರಲ್ಲಿ 69 ಜನ ಮಾತಾಡಬೇಕಿತ್ತು ಅಂತ ಕೊರಗ್ತಿದ್ರು. ಸ್ವೀಡನ್ ಬೇರೆ, ಹಾಸನ ಜಿಲ್ಲೆ ಬೇರೆ, ಒಪ್ಕೋತೀನಿ. ಆದ್ರೆ ಆ ಸೊನ್ನೆ ನನ್ನ ತಲೆಯಿಂದ ಹೋಗ್ತಿಲ್ಲ.

ಮತ್ತೆ ಈಗ ಕಾಲ 1970 ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 80%ಕ್ಕೂ ಹೆಚ್ಚು ಗುಣ ಆಗ್ತಾರೆ. ಬಡ ದೇಶಗಳಲ್ಲಿ ಅದು ತೀರಾ ಕಡಿಮೆ, ಅದಕ್ಕೊಂದು ಕಾರಣ ಚಿಕಿತ್ಸೆ ಅರ್ಧಕ್ಕೆ ನಿಲ್ಲೋದು. ಅಂದ್ರೆ ಮಗೂಗೆ ಹೇಳಬೇಕಾದ ಸತ್ಯ ಬರೀ ಸಾವಿನದಲ್ಲ. "ಇದು ಕ್ಯಾನ್ಸರ್, ಔಷಧಿ ಇದೆ, ಎರಡು ಮೂರು ವರ್ಷ ಬೇಕು, ಕೂದಲು ಹೋಗುತ್ತೆ, ತಿರುಗಿ ಬರುತ್ತೆ, ನೀನೇನೂ ತಪ್ಪು ಮಾಡಿ ಇದು ಬಂದಿಲ್ಲ." ಇದನ್ನ ಹೇಳೋಕೆ ಕಲ್ಲು ಮನಸ್ಸು ಬೇಡ.

6/6

ಹಾಗಾದ್ರೆ ಸ್ಟೋರಿ ಹಾಕೋದೇ ಬೇಡ್ವಾ? ಹಾಕಿ. ಮುಖ ಬೇಡ, ಪೈಪು ಬೇಡ, "ಕೆಲವೇ ದಿನ" ಅನ್ನೋ ಸಾಲು ಖಂಡಿತ ಬೇಡ. ಅಷ್ಟಕ್ಕೂ ಅದನ್ನ ಡಾಕ್ಟರ್ ಬರೆದಿರಲ್ಲ, ಪೋಸ್ಟರ್ ಡಿಸೈನ್ ಮಾಡಿದವನು ಬರೆದಿರ್ತಾನೆ. ಊರು, ಬೇಕಾದ ಮೊತ್ತ, ವಿಚಾರಿಸೋಕೆ ದೊಡ್ಡವರೊಬ್ಬರ ನಂಬರ್ ಸಾಕು. ಮುಖ ನೋಡದಿದ್ರೆ ಜನ ದುಡ್ಡು ಹಾಕಲ್ಲ ಅಂತೀರಿ. ಇರಬಹುದು. ಹಾಗಿದ್ರೆ ಮೊದಲು ಗುರುತಿರೋ ಇಪ್ಪತ್ತು ಜನಕ್ಕೆ ಫೋನ್ ಮಾಡಿ. ಸ್ಟೋರಿ ಹಾಕೋದಕ್ಕಿಂತ ಕಷ್ಟ, ಅಷ್ಟೆ. ಮಗು ಗುಣವಾಗಿ ಹೈಸ್ಕೂಲಿಗೆ ಬಂದಾಗ ಆ ಫೋಟೋ ಇನ್ನೂ ಯಾರದ್ದೋ ಫೋನಲ್ಲಿರುತ್ತೆ.

ಆ ಮಗು ಸ್ಕೂಲಿಗೆ ವಾಪಸ್ ಬಂದ್ರೆ ಪಕ್ಕದಲ್ಲಿ ಕೂರಿ. ಕ್ಯಾನ್ಸರ್ ಅಂಟಲ್ಲ. ಅಂಟೋದು ನಿಮ್ಮ ನೆಗಡಿ, ಅದಕ್ಕೆ. ನೆಗಡಿ ಕೆಮ್ಮಿದ್ದಾಗ ಮಾತ್ರ ನೀವೇ ದೂರ ಇರಿ.

ಕೊನೆಗೆ ಹಂಚಿಕೊಳ್ಳೋಕೆ ಯೋಗ್ಯವಾದ ಎರಡು ವಿಷಯ, ಸ್ಕ್ರೀನ್‌ಶಾಟ್ ತಗೊಳ್ಳಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದ್ರೆ ವೆಚ್ಚದ 30%, ವರ್ಷಕ್ಕೆ ಹೆಚ್ಚೆಂದ್ರೆ 1.5 ಲಕ್ಷ. ಎರಡನೇದು ರೈಲು. ಕ್ಯಾನ್ಸರ್ ಚಿಕಿತ್ಸೆಗೆ ಹೋಗಿ ಬರೋ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗೋ ಒಬ್ಬರಿಗೆ 75%. ಆಸ್ಪತ್ರೆಯಿಂದ ಅದರ ಫಾರಂ ಸಹಿ ಮಾಡಿಸ್ಕೊಂಡು ಅರಸೀಕೆರೆ ಜಂಕ್ಷನ್ ಕೌಂಟರಲ್ಲಿ ಕೊಟ್ರೆ ಆಯ್ತು. ಅಪ್ಪನೂ ವಾರಕ್ಕೊಂದ್ಸಲ ಮಗು ನೋಡ್ಕೊಂಡು ಬರೋಕೆ ಏನಾದ್ರೂ ದಾರಿ ಇದೆಯಾ ಅಂತ ಗೊತ್ತಿದ್ದವರು ಕಾಮೆಂಟಲ್ಲಿ ಹಾಕಿ, ಪಿನ್ ಮಾಡ್ತೀನಿ.

#ಹಳೇಬೀಡು #ಬೇಲೂರು #ಅರಸೀಕೆರೆ