ಅರ್ಧ ಸೆಕೆಂಡಿನ ತಡ

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅಜ್ಜಿಯದು ಒಂದೇ ಪ್ರಶ್ನೆ: ‘ನೀ ಮಾಡಿದ್ದು ಫೋನಲ್ಲಿ ಎಲ್ಲಿ ಕಾಣ್ಸುತ್ತೆ, ತೋರ್ಸು.’ ಎಲ್ಲೂ ಕಾಣಿಸುವುದಿಲ್ಲ. ನನ್ನದು ಬ್ಯಾಕೆಂಡ್, ದುಡ್ಡು ಕಟ್ಟಾಗಿ ಟಿಕೆಟ್ ಬಾರದಿದ್ದಾಗಷ್ಟೇ ನಮ್ಮ ನೆನಪು. 11 ವರ್ಷದಿಂದ ಪೋಸ್ಟ್‌ಗ್ರೆಸ್ ಡೇಟಾಬೇಸೇ ನನ್ನ ಅನ್ನ. ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ ತಿದ್ದಬಹುದಾದ ಕೋಡ್; ಅದಕ್ಕೆ ನಯಾಪೈಸೆ ಕೊಟ್ಟವನಲ್ಲ.

2024ರ ಮಾರ್ಚ್‌ನಲ್ಲಿ ಅದೇ ಪೋಸ್ಟ್‌ಗ್ರೆಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್, ಸರ್ವರ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕುತ್ತ ಹೋಗಿ, ಎಕ್ಸ್‌ಝೆಡ್ ಎಂಬ ಲೈಬ್ರರಿಯಲ್ಲಿ ಅಡಗಿಸಿಟ್ಟ ಕಳ್ಳಬಾಗಿಲು ಹಿಡಿದರು. ಆ ಲೈಬ್ರರಿಯನ್ನು ವರ್ಷಗಟ್ಟಲೆ ಬಿಟ್ಟಿಯಾಗಿ ಸಾಕಿದ್ದು ಬಹುಮಟ್ಟಿಗೆ ಒಬ್ಬನೇ ಮನುಷ್ಯ; ಅವನು ದಣಿದ ಹೊತ್ತಿಗೆ ‘ನೆರವಿಗೆ’ ಬಂದವನೇ ಕನ್ನ ಕೊರೆದಿದ್ದ.

ನಮ್ಮ ಕೆಲಸ ಇಂಥವರ ಬಿಟ್ಟಿ ದುಡಿಮೆಯ ಮೇಲೆ ನಿಂತಿದ್ದರೂ, ನಾನು ಕಂಡ ಯಾವ ಅಪ್ರೈಸಲ್ ಫಾರಂನಲ್ಲೂ ಓಪನ್ ಸೋರ್ಸ್‌ಗೆ ಕಾಲಂ ಇಲ್ಲ. ಅದಕ್ಕೆಂದು ಶುಕ್ರವಾರ ಮಧ್ಯಾಹ್ನ 3 ಗಂಟೆ ಹೊತ್ತನ್ನಾದರೂ ಕಂಪನಿಗಳು ಬಿಟ್ಟುಕೊಡಲಿ. ಹೋದ ತಿಂಗಳು ರಾತ್ರಿ ಊಟವಾದ ಮೇಲೆ ಕೂತು ಅಂಥದೊಂದು ಕೋಡ್‌ನ ತಪ್ಪು ತಿದ್ದಿ ಕಳಿಸಿದೆ, ಎರಡೇ ಸಾಲು. ಅಜ್ಜಿಗೆ ಅದನ್ನೇ ತೋರಿಸಿದೆ.