ಕಾಂಡ್ಲಾ ಕಾಡಿನ ಕಯಾಕ್‌ಗೆ ಅಳಿವೆಯ ಊರಿನವರೇ ದಾರಿ ತೋರಲಿ

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಗಾಲುವೆಗಳಲ್ಲಿ ಕಯಾಕ್ ನಡೆಸುವುದು ನಮ್ಮ ಕರಾವಳಿಗೆ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರಿಗೆ ಇಳಿಯಲೆಂದೇ ದೂರದ ಊರುಗಳಿಂದ ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಜೀವನದಲ್ಲಿ ಮೊದಲ ಸಲ ಹುಟ್ಟು ಹಿಡಿಯುವವರು, ಎಷ್ಟೋ ಮಂದಿಗೆ ಈಜೂ ಬರುವುದಿಲ್ಲ. ಅಂಥವರನ್ನು ನಂಬಿಕೆಯಿಂದ ನೀರಿಗಿಳಿಸಬಲ್ಲದ್ದು ಜೊತೆಗಿರುವ ಮಾರ್ಗದರ್ಶಿಯ ಅರಿವೊಂದೇ. ಆದರೆ ಕರಾವಳಿ ಪ್ರವಾಸೋದ್ಯಮದ ಮಾತು ಬಂದಾಗ ಸರ್ಕಾರ ಯೋಚಿಸುವುದು ಜೆಟ್ಟಿ, ತೂಗುಸೇತುವೆ, ಟಿಕೆಟ್ ಕೌಂಟರುಗಳ ಬಗ್ಗೆ. ಕಾಂಡ್ಲಾ ಕಾಡಿನ ಪ್ರವಾಸಕ್ಕೆಂದು ತೆಗೆದಿಡುವ ಹಣದ ದೊಡ್ಡ ಪಾಲು ಅಳಿವೆಯ ಊರುಗಳ ಜನರನ್ನು ಮಾರ್ಗದರ್ಶಿಗಳಾಗಿ ತಯಾರು ಮಾಡಲು ಹೋಗಬೇಕು, ಕಿರುಗಾಲುವೆಗಳಿಗೆ ಪ್ರವೇಶದ ಪರವಾನಗಿ ಮೊದಲು ಅವರಿಗೇ ಸಿಗಬೇಕು ಎಂಬುದು ನನ್ನ ವಾದ. ಊರಿನ ಮೇಲಿನ ಅಭಿಮಾನದಿಂದಷ್ಟೇ ಹೀಗೆ ಹೇಳುತ್ತಿಲ್ಲ. ಆ ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿದರೆ ಬೇರೆ ದಾರಿ ಕಾಣುವುದಿಲ್ಲ.

ಕೆರೆಯ ಕಯಾಕಿಂಗ್‌ಗೂ ಅಳಿವೆಯ ಕಯಾಕಿಂಗ್‌ಗೂ ಇರುವ ದೊಡ್ಡ ಅಂತರ ಭರತ ಮತ್ತು ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿಕೆಯಿಂದ ಇಳಿಕೆಗೆ ಸುಮಾರು ಆರು ತಾಸು. ಪ್ರತಿದಿನ ಈ ಹೊತ್ತು ಐವತ್ತು ನಿಮಿಷದಷ್ಟು ಮುಂದಕ್ಕೆ ಜಾರುತ್ತದೆ. ಆದ್ದರಿಂದ ಬೆಳಿಗ್ಗೆ ಒಂಬತ್ತಕ್ಕೆ ಶುರು, ಸಂಜೆ ಐದಕ್ಕೆ ಮುಕ್ತಾಯ ಎಂಬ ಫಲಕ ಕಾಂಡ್ಲಾ ಕಾಡಿನಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಇವತ್ತು ಒಂಬತ್ತು ಗಂಟೆಗೆ ತುಂಬಿ ನಿಂತ ಕಾಲುವೆ ಇನ್ನೊಂದು ವಾರಕ್ಕೆ ಅದೇ ಹೊತ್ತಿನಲ್ಲಿ ಕೆಸರು ತೋರಿಸುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ನೀರು ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ನಾವಿಕರ ಹಳೆಯ ಲೆಕ್ಕದ ಪ್ರಕಾರ ಮೊದಲ ತಾಸಿನಲ್ಲಿ ಇಳಿಯುವುದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ, ನಡುವಿನ ಎರಡು ತಾಸುಗಳಲ್ಲಿ ಅರ್ಧಕ್ಕರ್ಧ ಇಳಿದುಬಿಡುತ್ತದೆ. ಹೊಸಬರು ಒಳಗೆ ಹೋಗಬೇಕಾದ್ದು ಏರುವ ನೀರಿನ ಜೊತೆ, ತಿರುಗಬೇಕಾದ್ದು ನೀರು ನಿಂತ ಆ ಸ್ವಲ್ಪ ಹೊತ್ತಿನಲ್ಲಿ, ಮರಳಬೇಕಾದ್ದು ಇಳಿತಕ್ಕೆ ಬಲ ಬರುವ ಮೊದಲು. ತಡಮಾಡಿದರೆ ನಡುವಿನ ಸೆಳೆತ ಅಳಿವೆಯ ಬಾಯಿಯತ್ತ ಎಳೆಯುತ್ತದೆ. ಇಲ್ಲವಾದರೆ ಕಾಲುವೆ ಬತ್ತಿ ದೋಣಿ ಕೆಸರಿನಲ್ಲಿ ಕೂರುತ್ತದೆ. ಇಳಿದು ತಳ್ಳೋಣವೆಂದರೆ ಮೊಣಕಾಲು ಮುಳುಗುವ ಕೆಸರು, ಅದರೊಳಗೆ ಅಂಗಾಲು ಸೀಳುವ ಚಿಪ್ಪು.

ಬೇರುಗಳ ಅಪಾಯ ಇನ್ನೊಂದು ಬಗೆಯದು. ರೈಜೋಫೊರಾ ಜಾತಿಯ ಕಾಂಡ್ಲಾ ಗಿಡ ಕಾಂಡದಿಂದಲೇ ಕಮಾನಿನಂತೆ ಬೇರುಗಳನ್ನು ನೀರಿಗಿಳಿಸುತ್ತದೆ. ನೀರು ಅವುಗಳ ನಡುವೆ ನುಸುಳಿ ಹೋಗುತ್ತದೆ, ದೋಣಿ ಮಾತ್ರ ಹೋಗದು. ಸೆಳೆತಕ್ಕೆ ಸಿಕ್ಕಿ ಕಯಾಕ್ ಅಡ್ಡಡ್ಡ ಹೋಗಿ ಬೇರಿಗೆ ತಾಗಿದಾಗ ಹೊಸಬರು ಹೆದರಿ ಬೇರಿನಿಂದ ದೂರಕ್ಕೆ ವಾಲುತ್ತಾರೆ, ಆಗಲೇ ದೋಣಿ ಮಗುಚುವುದು. ವಾಲಬೇಕಾದ್ದು ಬೇರಿನ ಕಡೆಗೆ. ಈ ಒಂದು ಮಾತನ್ನು ದಡದಲ್ಲೇ ಹೇಳಿ, ಮೊಣಕಾಲಾಳದ ನೀರಿನಲ್ಲಿ ಒಮ್ಮೆ ಮಾಡಿಸಿ ಮುಂದೆ ಕರೆದೊಯ್ಯುವವನೇ ನಿಜವಾದ ಮಾರ್ಗದರ್ಶಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಅಗಲವಾದ ಹೊಳೆಯಲ್ಲಿ ಅದಕ್ಕೆದುರಾಗಿ ಹುಟ್ಟು ಹಾಕುವುದು ಹೊಸ ತೋಳುಗಳಿಗೆ ಆಗದ ಕೆಲಸ. ಶರಾವತಿಯ ಮಾತೇ ಬೇರೆ. ಲಿಂಗನಮಕ್ಕಿಯಲ್ಲಿ ತಡೆದ ನೀರು ವಿದ್ಯುತ್ ಘಟಕಗಳನ್ನು ಹಾದು ಬೇಸಿಗೆಯಲ್ಲೂ ಹೊಳೆಗೆ ಇಳಿಯುತ್ತದೆ. ಅಲ್ಲಿ ಸೆಳೆತ ಚಂದ್ರನೊಬ್ಬನ ಲೆಕ್ಕಕ್ಕೆ ಸಿಗುವುದಿಲ್ಲ. ಭರತದ ಹೊತ್ತನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಿಕೊಳ್ಳಬಹುದು. ಆದರೆ ಆ ಭರತ ಈ ಕಾಲುವೆಯ ಮೂರನೇ ತಿರುವಿಗೆ ಎಷ್ಟು ತಡವಾಗಿ ಮುಟ್ಟುತ್ತದೆ, ಕಳೆದ ಮಳೆಗಾಲದಲ್ಲಿ ಮರಳ ದಿಬ್ಬ ಎಲ್ಲಿಗೆ ಸರಿದಿದೆ ಎಂಬುದನ್ನು ಹೇಳಬಲ್ಲವರು ಅಲ್ಲಿ ಬಲೆ ಬೀಸುವವರು, ಬೆಳಚು (ಚಿಪ್ಪುಮೀನು) ಹೆಕ್ಕುವವರು.

ಇನ್ನು ಕಾಡಿನ ಪ್ರಶ್ನೆ. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯಂತೆ ದೇಶದ ಕಾಂಡ್ಲಾ ಕಾಡು 4,992 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 13. ಇಷ್ಟೂ ಕಾಡು ಕಾಳಿ, ಅಘನಾಶಿನಿ, ಶರಾವತಿ ಮತ್ತು ಕುಂದಾಪುರ, ಉಡುಪಿ, ಮಂಗಳೂರಿನ ಹೊಳೆಗಳ ಅಂಚಿನಲ್ಲಿ ಪಟ್ಟಿಪಟ್ಟಿಯಾಗಿ ಹರಡಿಕೊಂಡಿದೆ. ಸುಂದರಬನದಂತೆ ಒಂದು ಮೂಲೆ ಕೆಟ್ಟರೂ ಇನ್ನೊಂದು ಮೂಲೆ ಉಳಿದೀತು ಎಂಬ ಧೈರ್ಯಕ್ಕೆ ಇಲ್ಲಿ ಎಡೆಯಿಲ್ಲ. ಅವಿಸೆನಿಯಾ ಜಾತಿಯ ಗಿಡದ ಸುತ್ತ ಕೆಸರಿನಿಂದ ಮೇಲಕ್ಕೆ ಚಾಚಿರುವ ಉಸಿರುಬೇರುಗಳ ಮೂಲಕವೇ ಗಾಳಿ ನೆಲದೊಳಗಿನ ಬೇರುಗಳಿಗೆ ತಲುಪಬೇಕು. ಫೋಟೋಗೆಂದು ದೋಣಿ ಇಳಿದು ಅವುಗಳ ಮೇಲೆ ನಡೆದಾಡಿದರೆ ಗಿಡದ ಉಸಿರನ್ನೇ ತುಳಿದಂತೆ. ರೈಜೋಫೊರಾದ ಬೀಜ ತಾಯಿಗಿಡದಲ್ಲಿ ತೂಗುತ್ತಿರುವಾಗಲೇ ಮೊಳೆತು, ಉದ್ದನೆಯ ಹಸಿರು ಕೋಲಾಗಿ ನೀರಿಗೆ ಬೀಳುತ್ತದೆ, ತೇಲಿ ಹೋಗಿ ಎಲ್ಲೋ ಕೆಸರು ಹಿಡಿಯುತ್ತದೆ. ಅದನ್ನು ಕಿತ್ತು ನೆನಪಿಗೆ ಒಯ್ಯಬೇಡಿ ಎಂದು ಫಲಕವೂ ಹೇಳಬಹುದು. ಆದರೆ ಈ ಬೇರುಗಳ ಮರೆಯಲ್ಲೇ ಸಿಗಡಿ, ಏಡಿ, ಕಾಣೆ ಮೀನಿನ ಮರಿಗಳು ಬೆಳೆಯುತ್ತವೆ, ಅವು ಬೆಳೆದರಷ್ಟೇ ನಮ್ಮನೆಗೆ ಮೀನು ಎಂದು ಹೇಳಬಲ್ಲವರ ಬಾಯಿಂದ ಕೇಳಿದರೆ ಆ ಮಾತಿಗೆ ಬರುವ ತೂಕ ಬೇರೆ.

ಹಾಗಾದರೆ ನಡಿಗೆ ಪಥಗಳೇ ಬೇಡವೇ ಎಂದು ಕೇಳಬಹುದು. ಹೊನ್ನಾವರದ ಬಳಿ ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡಿಗೆ ಪಥ ಮಾಡಿದೆ. ದೋಣಿ ಹತ್ತಲಾಗದ ವೃದ್ಧರಿಗೆ, ಶಾಲಾ ಮಕ್ಕಳಿಗೆ, ನೀರೆಂದರೆ ಭಯಪಡುವವರಿಗೆ ಕಾಡನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಅವಕಾಶ, ಅದನ್ನು ಅಲ್ಲಗಳೆಯುವುದು ತಪ್ಪು. ನನ್ನ ತಕರಾರು ಅಂಥದ್ದನ್ನೇ ಪ್ರತಿ ಅಳಿವೆಯಲ್ಲೂ ಕಟ್ಟಬೇಕೆಂಬ ಹುರುಪಿನ ಬಗ್ಗೆ. ಪಥಕ್ಕೆ ಕಂಬ ಊರಬೇಕು, ಗಿಡ ಸವರಬೇಕು, ಉಪ್ಪುನೀರು ಮತ್ತು ಮಳೆಗೆ ಹಾಳಾದುದನ್ನು ಮತ್ತೆ ಮತ್ತೆ ದುರಸ್ತಿ ಮಾಡಬೇಕು. ಕಯಾಕ್‌ಗೆ ಒಂದು ಗೇಣು ನೀರು ಸಾಕು, ಹಾದುಹೋದ ಮೇಲೆ ಗುರುತೂ ಉಳಿಯದು. ಎಂಜಿನ್ ದೋಣಿಯಂತೆ ಅಲೆಯೆಬ್ಬಿಸಿ ದಂಡೆಯ ಮಣ್ಣನ್ನು ಕೊರೆಯುವುದಿಲ್ಲ. ತಮಿಳುನಾಡಿನ ಪಿಚ್ಚಾವರಂನಲ್ಲಿ ಅಗಲ ನೀರಿನಲ್ಲಿ ಎಂಜಿನ್ ದೋಣಿಗಳು ಓಡುತ್ತವೆ, ಒಳಗಿನ ಇಕ್ಕಟ್ಟು ಕಾಲುವೆಗಳಿಗೆ ನುಗ್ಗುವುದು ಹುಟ್ಟು ಹಾಕುವ ದೋಣಿಗಳು ಮಾತ್ರ. ಆ ಹುಟ್ಟು ಹಿಡಿದವರು ಅಲ್ಲಿನವರೇ. ನಮ್ಮಲ್ಲೂ ಕಿರುಗಾಲುವೆಗಳಿಗೆ ಎಂಜಿನ್ ಬರಬಾರದೆಂಬ ಗೆರೆಯನ್ನು ಈಗಲೇ ಎಳೆಯಬೇಕು. ವ್ಯಾಪಾರ ಬೇರೂರಿದ ಮೇಲೆ ಎಳೆಯುವುದು ಕಷ್ಟ.

ಮೊದಲ ಆಕ್ಷೇಪ ಸುರಕ್ಷತೆಯದು, ಅದು ಗಂಭೀರವಾದದ್ದು. ಹಳ್ಳಿಯವರ ಕೈಗೆ ಕೊಟ್ಟರೆ ಅನಾಹುತವಾದೀತು, ಪರಿಣತ ಕಂಪನಿಗಳೇ ನಡೆಸಲಿ ಎನ್ನುವವರಿದ್ದಾರೆ. ಇತ್ತೀಚಿನ ದುರಂತಗಳನ್ನು ನೋಡೋಣ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನ ಅಳಿವೆಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು, ಅವರಲ್ಲಿ ಹಲವರು ಮಕ್ಕಳು. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳು ಮತ್ತು ಶಿಕ್ಷಕಿಯರು ಸೇರಿ 14 ಜೀವ ಹೋದವು. ಮೂರರಲ್ಲೂ ಎದ್ದು ಕಾಣುವುದು ಮಿತಿಮೀರಿ ತುಂಬಿದ ದೋಣಿ, ಎಲ್ಲರ ಮೈಮೇಲೆ ಇರಬೇಕಿದ್ದ ಜೀವರಕ್ಷಕ ಜಾಕೆಟ್ ಇಲ್ಲದಿದ್ದದ್ದು. ಹರಣಿ ಕೆರೆಯ ದೋಣಿ ವಿಹಾರ ನಡೆದದ್ದು ಗುತ್ತಿಗೆ ಪಡೆದ ಸಂಸ್ಥೆಯ ಕೈಯಲ್ಲಿ, ಅಲ್ಲಿ ಗುತ್ತಿಗೆಯ ಕಾಗದ ಯಾರನ್ನೂ ಉಳಿಸಲಿಲ್ಲ. ಇಬ್ಬರೇ ಕೂರುವ, ಮೇಲೆ ತೆರೆದಿರುವ ಅಗಲ ತಳದ ಕಯಾಕ್‌ನಲ್ಲಿ ಹೆಚ್ಚುವರಿ ಜನರನ್ನು ತುಂಬಲು ಜಾಗವೇ ಇರುವುದಿಲ್ಲ. ಮಗುಚಿದರೂ ಒಳಗೆ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಆದರೆ ಅಷ್ಟರಿಂದ ನಿಶ್ಚಿಂತೆಯಾಗಿ ಕೂರಬಾರದು. ಜಾಕೆಟ್ ಹಾಕುವುದರ ಜೊತೆ ಅದರ ಪಟ್ಟಿ ಬಿಗಿದಿದೆಯೇ ಎಂದು ಮಾರ್ಗದರ್ಶಿ ಕೈಯಿಟ್ಟು ನೋಡಬೇಕು. ಒಬ್ಬ ಮಾರ್ಗದರ್ಶಿಗೆ ನಾಲ್ಕೈದು ಕಯಾಕ್‌ಗಿಂತ ಹೆಚ್ಚು ಇರಬಾರದು, ಸಾಲಿನ ಕೊನೆಗೆ ಇನ್ನೊಬ್ಬ ಇರಬೇಕು. ಮಗುಚಿದ ದೋಣಿಗೆ ಮತ್ತೆ ಹತ್ತಿಸುವುದು, ನೀರು ಕುಡಿದವರ ಉಸಿರು ಮರಳಿಸುವುದು ಗೊತ್ತಿರಬೇಕು. ಇದನ್ನೆಲ್ಲ ಕಲಿಸಲು ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಕೆಲವು ವಾರಗಳ ತರಬೇತಿಯಲ್ಲಿ ರಕ್ಷಣೆಯ ಕೌಶಲವನ್ನು ಕಲಿಸಬಹುದು. ಅಳಿವೆಯ ಅರಿವನ್ನು ಹೊರಗಿನವರಿಗೆ ಅಷ್ಟೇ ವಾರಗಳಲ್ಲಿ ಕಲಿಸಲಾಗದು.

ಎರಡನೆಯ ಆಕ್ಷೇಪ ಲೆಕ್ಕದ್ದು. ಒಂದು ಭರತಕ್ಕೆ ಹತ್ತು ಜನರನ್ನು ಕರೆದೊಯ್ದರೆ ಯಾರ ಹೊಟ್ಟೆ ತುಂಬುತ್ತದೆ? ಮಳೆಗಾಲದಲ್ಲಂತೂ ಹೊಳೆಗೆ ಇಳಿಯುವಂತಿಲ್ಲ. ಇದರಲ್ಲಿ ನಿಜವಿದೆ. ಕಯಾಕ್ ಇಡೀ ಊರಿಗೆ ಅನ್ನ ಕೊಡುತ್ತದೆಂದು ಹೇಳುವವರು ಊರಿಗೆ ಮೋಸ ಮಾಡುತ್ತಾರೆ. ಮೀನುಗಾರಿಕೆಯ ಜೊತೆಗೆ ಬರುವ ಇನ್ನೊಂದು ಆದಾಯವಾಗಿ ಅದನ್ನು ನೋಡಬೇಕು. ಹಾಗೆ ನೋಡಿದಾಗ ಸಂಖ್ಯೆ ಚಿಕ್ಕದಾಗಿರುವುದೇ ಒಳ್ಳೆಯದು, ಏಕೆಂದರೆ ಅಳಿವೆಯ ಮೂಲ ದುಡಿಮೆ ಬೇರೆಯೇ ಇದೆ. ಅಣೆಕಟ್ಟೆಯಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕುವ ಕೆಲಸ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಜೀವನಾಧಾರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಅಧ್ಯಯನ ದಾಖಲಿಸಿದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಲ್ಲಿ ಬೆಳಚು ಹೆಕ್ಕುತ್ತಿರುವಾಗ ಅವರ ನಡುವೆ ಪ್ರವಾಸಿಗಳ ದೋಣಿ ನುಗ್ಗಿ ಕ್ಯಾಮೆರಾ ಎತ್ತುವುದನ್ನು ಯಾವ ಆದಾಯವೂ ಸಮರ್ಥಿಸದು. ಅವರ ಹೊತ್ತು ಇಳಿತ, ಕಯಾಕಿನ ಹೊತ್ತು ಭರತ. ಹೀಗೆ ನೀರೇ ಹೊತ್ತನ್ನು ಹಂಚಿಕೊಟ್ಟಿದೆ. ಆ ಹಂಚಿಕೆಯನ್ನು ಮೀರದಿರುವುದು ಪರವಾನಗಿಯ ಮೊದಲ ಷರತ್ತಾಗಲಿ. ಆ ಮನೆಯವರೇ ಮಾರ್ಗದರ್ಶಿಗಳಾಗಿದ್ದರೆ ಷರತ್ತನ್ನು ಕಾಯಲು ಪೊಲೀಸರು ಬೇಕಾಗುವುದಿಲ್ಲ. ಮಾರ್ಗದರ್ಶಿಗಳಲ್ಲಿ ಹೆಂಗಸರಿಗೂ ಸರಿಪಾಲು ಸಿಗಬೇಕು, ಕೆಸರು ಎಲ್ಲಿ ಗಟ್ಟಿ ಎಲ್ಲಿ ಮೆದು ಎಂಬುದು ಅವರ ಕಾಲಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಪಕ್ಷಿಪ್ರಿಯರ ಆಕ್ಷೇಪಕ್ಕೆ ಉತ್ತರ ಸುಲಭವಿಲ್ಲ. ಕಯಾಕ್ ಸದ್ದಿಲ್ಲದೆ ಬರುತ್ತದೆ, ಆ ಕಾರಣಕ್ಕೇ ಹಕ್ಕಿಯ ತೀರ ಹತ್ತಿರಕ್ಕೆ ಬಂದುಬಿಡುತ್ತದೆ, ಆಗ ಅದು ಬೆಚ್ಚಿ ಗೂಡು ಬಿಟ್ಟು ಹಾರುತ್ತದೆ. ಎಂಜಿನ್ ದೋಣಿ ಹೋಗಲಾರದ ಮೂಲೆಗೂ ಇದು ಹೋಗಬಲ್ಲದು. ನೀರುನಾಯಿ ಬಿಲ ಮಾಡಿಕೊಂಡಿರುವುದು, ಕೊಕ್ಕರೆಗಳು ರಾತ್ರಿ ತಂಗುವುದು ಅಂಥ ಮೂಲೆಗಳಲ್ಲೇ. ಆದ್ದರಿಂದ ಕಯಾಕ್ ಎಂದರೆ ಹಾನಿಯೇ ಇಲ್ಲ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಪ್ರತಿ ಅಳಿವೆಯಲ್ಲೂ ಕೆಲವು ಕಾಲುವೆಗಳು ವರ್ಷವಿಡೀ ಮುಚ್ಚಿರಬೇಕು, ಇನ್ನು ಕೆಲವು ಗೂಡು ಕಟ್ಟುವ ತಿಂಗಳುಗಳಲ್ಲಿ ಮುಚ್ಚಿರಬೇಕು. ಹೊಸಬರಿಗೆ ಒಂದೆರಡು ಕಾಲುವೆ ಧಾರಾಳ ಸಾಕು. ಮೊದಲ ಸಲ ಹುಟ್ಟು ಹಿಡಿದವರಿಗೆ ಒಂದೂವರೆ ತಾಸಿನ ಮೇಲೆ ಭುಜ ನೋಯತೊಡಗುತ್ತದೆ, ಕಾಡಿನ ಮೇಲಿನ ಗಮನವೂ ತಪ್ಪುತ್ತದೆ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಾಂಡ್ಲಾ ಕಾಡನ್ನು ಅತಿ ಸೂಕ್ಷ್ಮ ವಲಯದಲ್ಲಿ ಇಟ್ಟಿದೆ. ಅಲ್ಲಿ ಪರಿಸರ ಪ್ರವಾಸಕ್ಕೆ ಅವಕಾಶವಿದ್ದರೂ ಅದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯಲ್ಲಿ ಸೇರಿರಬೇಕು. ಯಾವ ಕಾಲುವೆ ತೆರೆದದ್ದು, ಯಾವುದು ಮುಚ್ಚಿದ್ದು ಎಂಬ ನಕ್ಷೆ ಆ ಯೋಜನೆಯ ಭಾಗವಾಗಲಿ. 2021ರ ಒಳನಾಡು ಹಡಗು ಕಾಯ್ದೆ ಯಂತ್ರವಿಲ್ಲದ ದೋಣಿಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೆ ತರಲು ದಾರಿ ಮಾಡಿಕೊಟ್ಟಿದೆ. ಆ ದಾರಿಯಲ್ಲೇ ಗ್ರಾಮ ಪಂಚಾಯಿತಿಗಳು ಕಯಾಕ್‌ಗಳಿಗೆ ಸಂಖ್ಯೆ ಕೊಡಲಿ, ಮಾರ್ಗದರ್ಶಿಗಳಿಗೆ ಗುರುತುಪತ್ರ ಕೊಡಲಿ, ಭರತದ ಪಟ್ಟಿಗೆ ಹೊಂದಿಸಿದ ವೇಳಾಪಟ್ಟಿಯನ್ನು ದಡದಲ್ಲಿ ಬರೆದು ಹಾಕಲಿ. ಮೊದಲ ತಂಡದ ತರಬೇತಿ ಶುಲ್ಕವನ್ನೂ ವಿಮೆಯನ್ನೂ ಪ್ರವಾಸೋದ್ಯಮ ಇಲಾಖೆ ಭರಿಸಲಿ. ಒಂದು ಜೆಟ್ಟಿಯ ಅಂದಾಜು ವೆಚ್ಚದ ಎದುರು ಆ ಮೊತ್ತ ಸಣ್ಣದು. ಮಳೆ ಹಿಂದೆ ಸರಿದು ಹೊಳೆ ತಿಳಿಯಾಗುವುದು ಅಕ್ಟೋಬರ್ ಹೊತ್ತಿಗೆ. ಪ್ರವಾಸಿಗಳು ಬಂದಿಳಿಯುವುದೂ ಆಗಲೇ. ಉತ್ತರ ಕನ್ನಡ ಮತ್ತು ಉಡುಪಿಯ ಜಿಲ್ಲಾಡಳಿತಗಳು ಅದಕ್ಕೂ ಮೊದಲು, ಮೀನುಗಾರರು ದಡದಲ್ಲಿರುವ ಜೂನ್, ಜುಲೈ ತಿಂಗಳಲ್ಲೇ ಅಳಿವೆಯ ಊರುಗಳಿಗೆ ಹೋಗಿ ಅವರ ಜೊತೆ ಕೂತು ಆ ನಕ್ಷೆಯನ್ನು ಬರೆಯಬೇಕು.