ಬದುಕಿ ಬಂದವರಿಗೆ ಕಲ್ಲಿಲ್ಲ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಹಾಸನ ಜಿಲ್ಲೆ.



ನಾನು ಹುಲಿಕೆರೆಯವನು. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಪಿಂಚಣಿ ತಿಂಗಳು ತಿಂಗಳಿಗೆ ಬರುತ್ತಿದೆ, ಜಮೀನಿನ ತಕರಾರಿಲ್ಲ, ಕ್ಯಾಂಟೀನ್ ಕಾರ್ಡೂ ಇದೆ. ಹಾಗಾಗಿ ಇದು ಅರ್ಜಿಯಲ್ಲ. ನಿಮ್ಮ ಕಚೇರಿಗೆ ಕಳಿಸಿದರೆ ಇದಕ್ಕೆ ನಂಬರು ಹಾಕಿ ಯಾವ ಶಾಖೆಗೆ ದಾಟಿಸಬೇಕೆಂದು ಟಪಾಲಿನವರು ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಜಿಲ್ಲಾ ಸೈನಿಕ ಮಂಡಳಿಯ ಅಧ್ಯಕ್ಷರೂ ತಾವೇ ಆಗಿರುವುದರಿಂದ ತಮ್ಮನ್ನು ಬಿಟ್ಟು ಇನ್ನಾರಿಗೆ ಹೇಳಲಿ?

ನಮ್ಮೂರಿನ ಕಲ್ಯಾಣಿಯನ್ನು ತಾವು ನೋಡಿರಬಹುದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹಳೇಬೀಡಿಗೆ ಬಂದವರಲ್ಲಿ ಕೆಲವರು ನಮ್ಮ ಕಡೆಗೂ ಗಾಡಿ ತಿರುಗಿಸುತ್ತಾರೆ. ನೆಂಟರು ಬಂದರೆ ಗೈಡು ನಾನೇ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಅವರು ಆನೆ ಸಾಲು, ನಂದಿ ನೋಡಿ ಫೋಟೊ ಹಿಡಿದುಕೊಂಡು ಹೊರಡುವ ಹೊತ್ತಿಗೆ ನಾನು ಅವರನ್ನು, ಅರಸನೊಂದಿಗೆ ಪ್ರಾಣ ಬಿಡುತ್ತಿದ್ದ ಗರುಡರ ಕಂಬದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅದರ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಯೋಧರ ಪುಟ್ಟ ಪುಟ್ಟ ಮೂರ್ತಿಗಳಿವೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅರಸ ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರೊಂದಿಗೆ ಪ್ರಾಣ ಬಿಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. 1220ರ ಸುಮಾರಿನ ಮಾತು. ಗಂಡನ ಹೆಸರಿದೆ, ಹೆಂಡತಿಯ ಹೆಸರಿದೆ; ಸಾವಿರ ಮಂದಿ ಬರೀ ಲೆಕ್ಕ.

ನೆಂಟರಿಗೆ ಮೈ ಜುಮ್ಮೆನ್ನುತ್ತದೆ. ನನಗೆ, ನಿಜ ಹೇಳಬೇಕೆಂದರೆ, ಮುಜುಗರವಾಗುತ್ತದೆ. ದೊರೆ ಹೋದ ದಿನವೇ ನಾಡಿಗೆ ಪಡೆ ಬೇಕಾಗಿರುತ್ತದೆ. ಆ ಸಾವಿರ ಮಂದಿ ಬದುಕಿದ್ದು ಹೊಸ ದೊರೆಯ ಬಾಗಿಲು ಕಾದಿದ್ದರೆ ಅವರಿಗೆ ಕಂಬ ನಿಲ್ಲುತ್ತಿರಲಿಲ್ಲ, ಅಷ್ಟೇ.

ನಮ್ಮ ಕಡೆ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹಾಳು ಗುಡಿಗಳ ಮುಂದೆ ವೀರಗಲ್ಲುಗಳಿವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಬಿದ್ದವನು, ಊರಿಗೆ ದಾಳಿ ಬಂದಾಗ ಅಡ್ಡ ನಿಂತವನು, ಹೆಣ್ಣುಮಕ್ಕಳ ಮಾನಕ್ಕಾಗಿ ಕಾದಿದವನು. ಸತ್ತವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಈಗ ನಾವು ಫ್ಯಾಮಿಲಿ ಪಿಂಚಣಿ ಅನ್ನುತ್ತೇವೆ; ಹಳೆಯ ಹೆಸರಿನಲ್ಲಿ ನೆತ್ತರಾದರೂ ಕಾಣುತ್ತಿತ್ತು. ಈ ಕಲ್ಲುಗಳಲ್ಲಿ ಕೆಲವು ಬಟ್ಟೆ ಒಗೆಯುವ ಕಲ್ಲಾದವು, ಕೆಲವು ಮೋರಿಗೆ ಹಾಸಾದವು. ಅದರ ಬಗ್ಗೆ ಗೋಳಾಡಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಸೇರುವುದಿಲ್ಲ. ರೈಸ್ ಸಾಹೇಬರು 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳದ್ದೊಂದು ಸಂಪುಟ ಅಚ್ಚು ಹಾಕಿಸಿದ್ದರಿಂದ, ಅದರೊಳಗೆ ಸೇರಿದ ಕಲ್ಲು ಹೋದರೂ ಅಕ್ಷರ ಉಳಿದಿದೆ.

ನನ್ನ ತಕರಾರು ಬೇರೆ. ವೀರಗಲ್ಲಿಗೆ ಇರುವ ಅರ್ಹತೆ ಒಂದೇ: ಸತ್ತಿರಬೇಕು.

ಇವತ್ತಿಗೂ ಹಾಗೆಯೇ ನಡೆದಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನ ಹಿಮದಡಿ ಉಸಿರು ಹಿಡಿದು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಎಲ್ಲರಿಗೂ ನೆನಪಿದ್ದಾರೆ. ಅದೇ ಹಿಮದಲ್ಲಿ ನಮ್ಮ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್ ಕೂಡ ಹೋದರು. ಅವರನ್ನು ನೆನೆಯಬೇಕು, ನೆನೆಯುತ್ತೇವೆ. ಆದರೆ ಅದೇ ಎತ್ತರದಲ್ಲಿ ಸರದಿ ಮುಗಿಸಿ, ಕಾಲಿನ ಬೆರಳು ಕಳೆದುಕೊಂಡು, ಅರಸೀಕೆರೆಯಲ್ಲಿ ರೈಲಿಳಿದು, ಟ್ರಂಕು ಹೊತ್ತು ಊರಿಗೆ ನಡೆದವನನ್ನು ಯಾರು ಕೂರಿಸಿ ಕೇಳಿದರು?

ಸತ್ತವರನ್ನಷ್ಟೇ ನೆನೆಯುವ ಈ ಬುದ್ಧಿ ಕನ್ನಡಕ್ಕೆ ಮೊದಲಿನಿಂದಲೂ ಇತ್ತೇನೋ ಅಂದುಕೊಂಡಿದ್ದೆ. ಇರಲಿಲ್ಲ. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ ಊರು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಆ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ಏನಿದೆ ಎಂದು ಮಾತ್ರ ಮೇಷ್ಟ್ರು ಹೇಳಿರಲಿಲ್ಲ. ಕಾಳಗದಲ್ಲಿ ಕಾದಿದ ವಿಜ ಅರಸ ಎಂಬಾತನಿಗೆ ಊರು ಬಿಟ್ಟುಕೊಟ್ಟ ಸಂಗತಿ ಅದು. ಆ ದತ್ತಿಗೆ ಅಲ್ಲಿರುವ ಮಾತು ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವುದು. ಹೋರಾಡಿ ಬಂದವನ ಕತ್ತಿ ತೊಳೆದು ಗೌರವಿಸುವ ಪದ್ಧತಿ ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ಕನ್ನಡ ಕಲ್ಲಿನ ಮೇಲೆ ಮೂಡಿದ ಮೊದಮೊದಲ ಸಾಲುಗಳಲ್ಲೇ ಮನೆಗೆ ಮರಳಿದ ಸಿಪಾಯಿಯೊಬ್ಬ ಇದ್ದಾನೆ! ಅದು ಗೊತ್ತಾದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇನ್ನು ನನ್ನ ಕತ್ತಿಯ ವಿಷಯ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಪಡೆಗಳನ್ನೆಲ್ಲ ಗಡಿಗೆ ಸಾಗಿಸಿದರು. ಆಪರೇಷನ್ ಪರಾಕ್ರಮ್. ಸ್ಯಾಪರುಗಳಿಗೆ ಕೆಲಸ ಮೈನ್, ಅಂದರೆ ನೆಲಬಾಂಬು, ಹೂಳುವುದು. ಪಂಜಾಬಿನಲ್ಲಿ ಗಡಿಯ ತನಕ ಗೋಧಿ ಹೊಲ. ರಾಗಿ ಬಿತ್ತುವ ಮನೆಯಲ್ಲಿ ಹುಟ್ಟಿದವನು ನಾನು, ಬೇರೆಯವರ ಉತ್ತ ಹೊಲದಲ್ಲಿ ಸಾಲು ಹಿಡಿದು ಮೈನ್ ಇಟ್ಟೆ. ಪೈರು ತುಳಿಯುವಾಗ ಅಪ್ಪನ ಕೈಯ ಬಾರುಕೋಲು ನೆನಪಾಗುತ್ತಿತ್ತು. ಹತ್ತು ತಿಂಗಳು ಎದುರುಬದುರು ನಿಂತು, ಯುದ್ಧವಾಗದೆ ಪಡೆ ಹಿಂದಕ್ಕೆ ಬಂತು. ನಾವು ಬರುವ ಹಾಗಿರಲಿಲ್ಲ. ಹೂತದ್ದನ್ನು ತೆಗೆಯಬೇಕಲ್ಲ.

ತೆಗೆಯುವುದು ಹೂಳುವುದಕ್ಕಿಂತ ಕಷ್ಟ. ನಕ್ಷೆ ಇರುತ್ತದೆ, ಆದರೆ ಮಳೆ ಬಂದು ನೀರು ಹರಿದರೆ ಮೈನ್ ನಕ್ಷೆಯ ಮಾತು ಕೇಳುವುದಿಲ್ಲ. ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿ, ಪ್ರಾಡರ್ ಅನ್ನುವ ಸಲಾಕೆಯಿಂದ ಓರೆಯಾಗಿ ಚುಚ್ಚುತ್ತ ಗೇಣು ಗೇಣಾಗಿ ಮುಂದೆ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಅದರ ನೆತ್ತಿಗೇ ತಾಗುತ್ತದೆ. ಕೆಲಸ ಮುಗಿದ ಜಾಗಕ್ಕೆ ಬಿಳಿ ಪಟ್ಟಿ ಎಳೆಯುತ್ತೇವೆ. ಪಟ್ಟಿಯ ಆಚೆ ಹೊಲದ ಯಜಮಾನ, ವಯಸ್ಸಾದ ಸರ್ದಾರ್‌ಜಿ, ದಿನಾ ಚಹಾದ ಕ್ಯಾನು ತಂದು ಕಾಯುತ್ತಿದ್ದ. ಒಂದು ದಿನವೂ ಬೇಗ ಮುಗಿಸಿ ಅನ್ನಲಿಲ್ಲ. ನನ್ನ ಪಕ್ಕದ ಸಾಲಿನವನೊಬ್ಬನಿಗೆ ಆ ಹೊಲದಲ್ಲೇ ಕಾಲು ಹೋಯಿತು. ಆ ಕಾರ್ಯಾಚರಣೆಯಲ್ಲಿ ಸತ್ತವರು ಸುಮಾರು 800 ಎಂದು ಮುಂದೆ ಸಂಸತ್ತಿಗೆ ಲೆಕ್ಕ ಕೊಟ್ಟರು. ಯುದ್ಧವಾಗದ ಯುದ್ಧದ ಲೆಕ್ಕ.

ರಜೆಗೆ ಬಂದಾಗ ನಮ್ಮೂರ ಟೀ ಅಂಗಡಿಯಲ್ಲಿ ಕೇಳಿದರು:

‘ಯುದ್ಧ ಆಯ್ತೇನಪ್ಪಾ?’

‘ಇಲ್ಲ.’

‘ಮತ್ತೆ ಅಷ್ಟು ದಿನ ಅಲ್ಲಿ ಏನ್ ಮಾಡ್ತಿದ್ದೆ?’

ಉತ್ತರ ಹೇಳಬಹುದಿತ್ತು. ಟೀ ಕುಡಿದು ಎದ್ದು ಬಂದೆ. ಇಪ್ಪತ್ತು ವರ್ಷ ದಾಟಿದ ಮೇಲೆ ಈಗ ಹೇಳುತ್ತಿದ್ದೇನೆ, ಅದೂ ಜಿಲ್ಲಾಧಿಕಾರಿಗಳಿಗೆ.

ನಾನೂ ಬೇರೆಯವರನ್ನು ಕೇಳದೆ ಬಿಟ್ಟವನೇ. ನಾನು ಹುಡುಗನಾಗಿದ್ದಾಗ ಅತ್ತೆಯ ಊರಿನಲ್ಲಿ ಒಬ್ಬ ಮುದುಕ ಇದ್ದ. ಮೈಸೂರು ಇನ್‌ಫೆಂಟ್ರಿಯಲ್ಲಿ ಇದ್ದು, 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನಿನವರಿಗೆ ಸೆರೆ ಸಿಕ್ಕವನಂತೆ. ಮುದ್ದೆ ಉಂಡು ತಟ್ಟೆಯನ್ನು ಬೆರಳಿನಿಂದ ಬಳಿದು ಬಳಿದು ನೆಕ್ಕುತ್ತಿದ್ದ. ಮಕ್ಕಳೆಲ್ಲ ಸೇರಿ ಅವನಿಗೆ ‘ನೆಕ್ಕಜ್ಜ’ ಎಂದು ಹೆಸರಿಟ್ಟಿದ್ದೆವು. ಸೆರೆಯ ಹಸಿವೆಯೆಂದರೆ ಏನು ಎಂದು ನನಗೆ ಅರ್ಥವಾಗುವ ಹೊತ್ತಿಗೆ ಅಜ್ಜ ಇರಲಿಲ್ಲ.

ದೊಡ್ಡ ದಳಗಳಿಗೆ ಸ್ಮಾರಕಗಳಿವೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ತಂಭವಿದೆ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ಆ ಸವಾರರು ಊರಿಗೆ ಬಂದು ಜಗಲಿಯಲ್ಲಿ ಕೂತು ಏನು ಮಾತಾಡಿದರು ಅನ್ನುವುದು ಕಂಚಿನಲ್ಲಿ ಬರುವುದಿಲ್ಲ.

ಆದ್ದರಿಂದ ನಾನು ಕೇಳುವುದು ಸಣ್ಣದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿಸಿ. ಆ ಊರುಗಳಿಂದ ಸೈನ್ಯಕ್ಕೆ ಹೋಗಿ ಬಂದವರ ಹೆಸರು, ದಳ, ವರ್ಷ, ಎಲ್ಲೆಲ್ಲಿ ಇದ್ದರು ಎಂಬುದನ್ನು ಬರೆಸಿ. ಅಡುಗೆಯವರು, ಡ್ರೈವರು, ಕ್ಷೌರಿಕ, ಕುದುರೆ ಲಾಯದವರು, ಗುಮಾಸ್ತರು ಯಾರನ್ನೂ ಬಿಡಬೇಡಿ. ಆಮೇಲೆ ಹೈಸ್ಕೂಲಿನ ಮಕ್ಕಳನ್ನು ಅವರ ಮನೆಗೆ ಕಳಿಸಿ, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದು, ಕೂತು ಬರೆದುಕೊಳ್ಳಲಿ. ನಮ್ಮ ಕಡೆಯ ಕನ್ನಡದಲ್ಲೇ ಬರೆಯಲಿ, ತಿದ್ದುವುದು ಬೇಡ. ಮಕ್ಕಳಿಗೆ ಒಂದೇ ಎಚ್ಚರಿಕೆ ಹೇಳಿಕೊಡಿ: ‘ಎಷ್ಟು ಜನರನ್ನು ಹೊಡೆದ್ರಿ’ ಎಂದು ಮೊದಲು ಕೇಳಬಾರದು. ಏನು ಉಣ್ಣುತ್ತಿದ್ದಿರಿ, ಕಾಗದ ಯಾರು ಬರೆದುಕೊಡುತ್ತಿದ್ದರು, ಚಳಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಲಿ, ಉಳಿದದ್ದು ತಾನಾಗಿ ಬರುತ್ತದೆ. ಹೆಂಡಂದಿರನ್ನೂ ಕೇಳಲಿ. ತಂತಿ ಬಂದ ದಿನ ಅಂಗಳದಲ್ಲಿ ನಿಂತದ್ದು ಅವರೇ. ಕೊನೆಗೆ ಎಲ್ಲದರ ಒಂದು ಪ್ರತಿ ಹಾಸನದ ಜಿಲ್ಲಾ ಗ್ರಂಥಾಲಯದಲ್ಲಿರಲಿ. ಶಾಲು, ಹಾರ, ಸ್ವಾಗತ ಕಮಾನು ಒಂದೂ ಬೇಡ. ಶಾಲು ಹಾಕಿದ ಕೂಡಲೇ ನಮ್ಮವರಿಗೆ ಮಾತು ನಿಂತುಹೋಗುತ್ತದೆ.

ಹುಲಿಕೆರೆಯ ಪುಸ್ತಕಕ್ಕೆ ಮೊದಲ ನಾಲ್ಕು ಪುಟ ನಾನೇ ಬರೆದಿಟ್ಟಿದ್ದೇನೆ. ಇಲ್ಲೇ ಹತ್ತಿರದ ಊರಲ್ಲಿ 1971ರಲ್ಲಿ ಪೂರ್ವದ ಗಡಿಯಲ್ಲಿ ಲಾರಿ ಓಡಿಸಿದ ಯಜಮಾನರೊಬ್ಬರಿದ್ದಾರೆ, ವಯಸ್ಸು ಎಂಬತ್ತರ ಹತ್ತಿರ. ಒಂದು ಕಿವಿ ಕೇಳುವುದಿಲ್ಲ, ಬಲಗಡೆ ಕೂರಬೇಕು. ಮಕ್ಕಳನ್ನು ಕಳಿಸುವುದಾದರೆ ಬೆಳಿಗ್ಗೆ ಕಳಿಸಿ. ಮಧ್ಯಾಹ್ನದ ಮೇಲೆ ಅವರಿಗೆ ಗೆಳೆಯರ ಹೆಸರುಗಳು ಮರೆತುಹೋಗುತ್ತವೆ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ,
ಹುಲಿಕೆರೆ